ಒಂದೇ ಪಾತೇಲಿಯ ಭಜ್ಜಿ: ಮೆಹರಾಜಬೇಗಂ ಮೇಡಂ ಅವರ ಸಮತಾವಾದ

ಕಲಬುರಗಿ ಸೀಮೆಯ ಸರಕಾರಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸಿದವರು ಅನೇಕರಿದ್ದಾರೆ. ಅವರಲ್ಲಿ ಕಮ್ಯುನಿಸಂ ಎಂಬ ಅಧ್ಯಾಯವನ್ನು ಪರೀಕ್ಷೆಗೆ ಬೇಕಾದಷ್ಟು ಹೇಳಿ ಕೈತೊಳೆದುಕೊಂಡವರೇ ಬಹಳ. ಅದನ್ನು ಹೊಗಳಿ ಹೊಟ್ಟೆ ತುಂಬಿಸಿಕೊಂಡವರು ಕೆಲವರು, ತೆಗಳಿ ಹೊಟ್ಟೆ ತುಂಬಿಸಿಕೊಂಡವರು ಇನ್ನೂ ಕೆಲವರು. ಆ ತತ್ವವನ್ನು ಮನಸಾರೆ ನಂಬಿ, ಹೊಲಕ್ಕಿಳಿದು ಮಾಡಿ ನೋಡಿ, ಕೈ ಸುಟ್ಟುಕೊಂಡು, ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಡದೆ ತರಗತಿಯಲ್ಲಿ ತೋರಿಸಿದವರು ಮಾತ್ರ ಅಪರೂಪ. ಜೇವರ್ಗಿಯ ಕಾಲೇಜಿನಿಂದ ಇದೀಗ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿ ಮೆಹರಾಜಬೇಗಂ ಅವರು ಆ ಅಪರೂಪದ ಪಂಗಡಕ್ಕೆ ಸೇರಿದವರು. ಆ ಪಂಗಡದಲ್ಲಿ ಎರಡನೆಯವರು ಯಾರೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಅಭಿನಂದನ ಗ್ರಂಥಗಳಲ್ಲಿ ಸನ್ಮಾನಿತರು ತಪ್ಪು ಮಾಡುವ ರೂಢಿಯಿಲ್ಲ. ಹುಟ್ಟಿದಂದಿನಿಂದ ಹಾರ ಹಾಕಿಸಿಕೊಳ್ಳುವ ದಿನದವರೆಗೆ ಅವರು ನಡೆದದ್ದೆಲ್ಲ ನೆಟ್ಟಗೇ ಇರುತ್ತದೆ. ಈ ಗ್ರಂಥದ ಸಂಪಾದಕ ಮಂಡಳಿಯವರು ಮೇಡಂ ಅವರ ಒಪ್ಪಿಗೆ ಕೇಳಲು ಹೋದಾಗ ಅವರು ಹಾಕಿದ ಶರತ್ತು ಒಂದೇ. “ನನ್ನ ಮ್ಯಾಲ ಬರೀತೀರಿ ಅಂದ್ರ ನಿಂಬರ್ಗಾದ ಭಜ್ಜಿ ಬಗ್ಗೆ ಬರೀರಿ. ಅದನ್ನ ಬಿಟ್ಟು ಬರೀತೀರಿ ಅಂದ್ರ ನನಗ ಪುಸ್ತಕಾನೇ ಬ್ಯಾಡ್ರಿ.” ಶರತ್ತಿನ ಪ್ರಕಾರವೇ ಈ ಲೇಖನ ನಡೆಯುತ್ತದೆ.

ಮೆಹರಾಜಬೇಗಂ ಅವರು ಆಳಂದ ತಾಲೂಕಿನ ಸರಸಂಬಾದವರು. ತಂದೆ ಆಳಂದದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ತೊಗರಿಯ ಚೀಲ ಹೊತ್ತು ಹೊತ್ತು ಬಾಗಿದ ಅವರ ಹೆಗಲ ಮೇಲೆ ಮೇ ದಿನದಂದು ಮಾತ್ರ ಕೆಂಪು ಬಾವುಟ ಇರುತ್ತಿತ್ತು. ದುಡಿಯುವವನಿಗೇ ಫಲ ಸೇರಬೇಕು, ಕೈಲಾದವನು ಕೈಲಾದಷ್ಟು ಹಾಕಬೇಕು, ಬೇಕಾದವನಿಗೆ ಬೇಕಾದಷ್ಟು ಸಿಗಬೇಕು ಎಂಬ ಮಾತನ್ನು ಮಗಳು ಕೇಳಿದ್ದು ಪುಸ್ತಕದಿಂದಲ್ಲ, ಊಟಕ್ಕೆ ಕೂತ ತಂದೆಯ ಬಾಯಿಂದ. ಮುಂದೆ ವಿಶ್ವವಿದ್ಯಾಲಯದಲ್ಲಿ ಅದೇ ಮಾತು ದಪ್ಪ ದಪ್ಪ ಪುಸ್ತಕಗಳಲ್ಲಿ ಸಿಕ್ಕಾಗ ಅವರಿಗೆ ತವರುಮನೆಯವರು ಎದುರಾದಷ್ಟು ಸಂತೋಷವಾಯಿತಂತೆ.

ಮೊದಲ ನೇಮಕಾತಿ ಆಳಂದಕ್ಕೇ ಆಯಿತು. ಆ ದಿನಗಳಲ್ಲಿ ನಿಂಬರ್ಗಾದ ಭೂಹೀನ ಕೂಲಿಕಾರರ ಕೆಲವು ಕುಟುಂಬಗಳಿಗೆ ಸರಕಾರದಿಂದ ಒಂದಕ್ಕೊಂದು ಹತ್ತಿದ ತುಂಡು ಹೊಲಗಳು ಮಂಜೂರಾಗಿದ್ದವು. ಒಂದೊಂದು ತುಂಡು ಎಷ್ಟು ಸಣ್ಣದೆಂದರೆ, ಎತ್ತು ತಿರುಗಿಸಬೇಕಾದರೆ ಪಕ್ಕದವನ ಹೊಲಕ್ಕೆ ಕಾಲಿಡಲೇಬೇಕು. ತಂದೆಯ ಕೆಂಪು ಬಾವುಟದ ಪಕ್ಷದ ಸಭೆಯಲ್ಲಿ ಈ ಮಾತು ಬಂದಾಗ ತರುಣಿ ಮೆಹರಾಜಬೇಗಂ ಎದ್ದು ನಿಂತು, ನಡುವಿನ ಒಡ್ಡುಗಳನ್ನು ಕಿತ್ತು ಎಲ್ಲವನ್ನೂ ಒಂದೇ ಹೊಲ ಮಾಡಿದರೆ ಹೇಗೆ ಎಂದು ಕೇಳಿದರು. ಹೇಳಿದವರ ಕೊರಳಿಗೇ ಗಂಟೆ ಎಂಬಂತೆ ಆ ಕೆಲಸ ಅವರ ಪಾಲಿಗೇ ಬಂತು. ವಾರದ ರಜೆಗೆಲ್ಲ ನಿಂಬರ್ಗಾದ ಬಸ್ಸು ಹತ್ತಿ, ಕುಟುಂಬ ಕುಟುಂಬದ ಅಂಗಳದಲ್ಲಿ ಕೂತು ಒಪ್ಪಿಸಿ, ಎಲ್ಲರನ್ನೂ ಕೂಡಿಸಿ ಒಂದು ಸಂಘ ಕಟ್ಟಿದರು. ಬೌದ್ಧ ಕುಟುಂಬದ ಚಂದ್ರಾಮ ಅವರು ಸಂಘದ ಅಧ್ಯಕ್ಷರಾದರು. ಮೊದಲ ಒಡ್ಡಿಗೆ ಸಲಿಕೆ ಹಾಕಿದವರು ಅಜೀಜಾಬಿ ಎಂಬ ವಿಧವೆ. ಗೌಡರ ಮನೆಯ ಅಂಗಳದಲ್ಲಿ ಸಂಜೆ ಕೂಲಿಗಾಗಿ ನಿಂತು ನಿಂತು ಬೇಸತ್ತಿದ್ದ ಅವರಿಗೆ, ಯಾರ ಅಂಗಳದಲ್ಲಿಯೂ ನಿಲ್ಲದೆ ಉಣ್ಣುವ ದಾರಿ ಇದೆಯೆಂದರೆ ಅದಕ್ಕಿಂತ ದೊಡ್ಡ ಸಿದ್ಧಾಂತ ಬೇಕಾಗಿರಲಿಲ್ಲ.

ಮೊದಲ ಸುಗ್ಗಿ ಚೆನ್ನಾಗಿಯೇ ಆಯಿತು. ಒಂದೇ ಕಣ, ಒಂದೇ ರಾಶಿ, ಉಣ್ಣುವ ಬಾಯಿಗಳ ಲೆಕ್ಕದಲ್ಲಿ ಪಾಲು. ಆ ವರ್ಷದ ಎಳ್ಳಮಾಸಿಯೂ ಅಷ್ಟೇ ಚೆನ್ನಾಗಿತ್ತು. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಜಾತಿ ಮತದ ಕಟ್ಟಿಲ್ಲ. ಹೊಲವಿದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಹೊಲವಿಲ್ಲದವರು ಹೊಲವಿದ್ದವರ ಜೊತೆ ಹೋಗುತ್ತಾರೆ. ಸಂಘದವರು ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ, ದೊಡ್ಡ ಪಾತೇಲಿಯಲ್ಲಿ ಭಜ್ಜಿ ಕುದಿಸಿದರು. ಭಜ್ಜಿಯ ಗುಣವೇ ಹಾಗೆ: ಒಬ್ಬರ ಮನೆಯ ಮೆಂತ್ಯ, ಇನ್ನೊಬ್ಬರ ಗಜ್ಜರಿ, ಮತ್ತೊಬ್ಬರ ಉಳ್ಳಾಗಡ್ಡಿ ತಪ್ಪಲು, ಹಸಿ ತೊಗರಿ, ಹಸಿ ಕಡಲೆ, ಅವರೆ, ಎಲ್ಲ ಕೂಡಿದರೇ ಅದಕ್ಕೆ ರುಚಿ. ಅಜೀಜಾಬಿಯವರ ಮನೆಯಲ್ಲಿ ತರಲು ಏನೂ ಇರಲಿಲ್ಲ. ರಸ್ತೆಯ ಬದಿಯ ಮರದಿಂದ ಆಯ್ದ ಹುಣಸೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಕಿವುಚಿ ಹಾಕಿ, ಭಜ್ಜಿ ತಳ ಹತ್ತದಂತೆ ಕೊನೆಯವರೆಗೂ ತಿರುವುತ್ತ ನಿಂತರು. ಎಲ್ಲರೂ ಉಂಡರು, ಅವರೂ ಉಂಡರು.

ಆದರೆ ಉಂಡವರು ಸುಮ್ಮನಿರುವ ಜಾತಿಯವರಲ್ಲ. ಬುಟ್ಟಿ ತುಂಬ ಕಾಯಿಪಲ್ಯ ತಂದಿದ್ದವರೊಬ್ಬರು, ಮುಷ್ಟಿ ಹುಣಸೆ ತಂದವರಿಗೂ ಅಷ್ಟೇ ಪಾಲೇ ಎಂದು ಗೊಣಗಿದರು. ಗೊಣಗು ಊರಿನಲ್ಲಿ ಸುತ್ತಿ ಮೇಡಂ ಅವರ ಕಿವಿಗೂ ಬಿತ್ತು. ಬಡವರ ಸಂಘದಲ್ಲಿ ಒಬ್ಬರು ಇನ್ನೊಬ್ಬರ ಮುಂದೆ ತಲೆತಗ್ಗಿಸಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಒಂದು ನಿಯಮ ರೂಪಿಸಿದರು. ಮುಂದಿನ ಎಳ್ಳಮಾಸಿಗೆ ಪ್ರತಿ ಮನೆಯವರೂ ಒಂದೇ ಅಳತೆಯಲ್ಲಿ ಒಂದೇ ಪದಾರ್ಥ ತರಬೇಕು. ಅಷ್ಟೂ ಆಗದವರು ಸಂಘದ ಕಮಿಟಿಯ ಮುಂದೆ ಬಂದು ತಮ್ಮ ಅಡಚಣೆ ಹೇಳಿಕೊಂಡರೆ ಅವರಿಗೆ ವಿನಾಯಿತಿ. ಹುಣಸೆಹಣ್ಣನ್ನು ಸಂಘದ ವತಿಯಿಂದಲೇ ಆಳಂದದ ಪೇಟೆಯಲ್ಲಿ ಕೊಳ್ಳತಕ್ಕದ್ದು. ಆ ಹೊತ್ತಿಗೆ ಪೇಟೆಯಲ್ಲಿ ಹೇರಳವಾಗಿದ್ದದ್ದು ಬದನೆಕಾಯಿ. ಆದ್ದರಿಂದ ಬದನೆಕಾಯಿ ಎಂದು ನಿಗದಿಯಾಯಿತು.

ಹೀಗೆ ಆ ವರ್ಷ ಬೇವಿನ ಮರದ ಕೆಳಗೆ ಬದನೆಕಾಯಿಯ ಗುಡ್ಡ ಬಿತ್ತು. ಯಾರ ಪಾಲೂ ಹೆಚ್ಚಿಲ್ಲ, ಯಾರ ಪಾಲೂ ಕಡಿಮೆಯಿಲ್ಲ. ಸಮಾನತೆಯನ್ನು ತಕ್ಕಡಿಯಲ್ಲಿಟ್ಟು ತೂಗಿದಂತಿತ್ತು. ಪಾತೇಲಿಯಲ್ಲಿ ಕುದಿದದ್ದು ಮಾತ್ರ ಭಜ್ಜಿಯಲ್ಲ, ಬದನೆಕಾಯಿಯ ಸಾರು. ಕಮಿಟಿಯವರು ಅದನ್ನು ಬಲವಂತವಾಗಿ ಮೆಚ್ಚಿದರು. ಉಳಿದವರು ಕಮಿಟಿಯವರ ಮುಖ ನೋಡಿ ಮೆಚ್ಚಿದರು. ಮೇಡಂ ಅವರು ಒಂದು ತುತ್ತು ಬಾಯಿಗಿಟ್ಟುಕೊಂಡು ಸುತ್ತ ನೋಡಿದಾಗ ಅಜೀಜಾಬಿ ಇರಲಿಲ್ಲ. ಕರೆಯಲು ಆಳು ಕಳಿಸಿದರು. ಬಂದ ಉತ್ತರ ಒಂದೇ ಮಾತಿನದು: “ಮನಿಯಾಗ ಊಟ ಆಗ್ಯಾದ ಅಂತ ಹೇಳ್ರಿ.”

ಊಟ ಆಗಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಮರುದಿನ ಸಂಘದ ಸಭೆಗೆ ಅಜೀಜಾಬಿ ತಾವಾಗಿಯೇ ಬಂದರು. ಮೇಡಂ ಅವರದೂ ಅಜೀಜಾಬಿಯವರದೂ ಮನೆಮಾತು ದಖನಿ ಉರ್ದು. ಆದರೆ ಅಂದು ಎಲ್ಲರಿಗೂ ತಿಳಿಯಲೆಂದು ಅವರು ಕನ್ನಡದಲ್ಲೇ ಮಾತಾಡಿದರು.

“ನನ್ನ ಬಲ್ಲಿ ಏನೂ ಇಲ್ಲಂತ ಊರಿಗೆಲ್ಲ ಗೊತ್ತದ. ಅದನ್ನ ಕಮಿಟಿ ಮುಂದ ನಿಂತು ಮತ್ತ ಹೇಳು ಅಂದ್ರ ನನ್ನಿಂದ ಆಗಂಗಿಲ್ರಿ. ಗೌಡ್ರ ಅಂಗಳದಾಗ ನಿಂದ್ರೋದು ತಪ್ಪಲಿ ಅಂತ ಸಂಘಕ್ಕ ಬಂದಿದ್ದೆ. ಈಗ ಸಂಘಕ್ಕೂ ಒಂದು ಅಂಗಳ ಆಗ್ಯಾದ. ನನ್ನ ಒಡ್ಡು ನನಗ ಹಾಕಿಕೊಡ್ರಿ.”

“ಖಾಲಾ, ನಿಮ್ಮ ಸಲುವಾಗಿಯೇ ವಿನಾಯಿತಿ ಇಟ್ಟಿದ್ದೆ,” ಎಂದರು ಮೇಡಂ, ಚಿಕ್ಕಮ್ಮನನ್ನು ಕರೆಯುವ ಧಾಟಿಯಲ್ಲಿ.

“ಹುಣಸಿಹಣ್ಣು ತಂದಾಗ ನನಗ ವಿನಾಯಿತಿ ಬೇಕಾಗಿರಲಿಲ್ಲವಲ್ರಿ,” ಎಂದರು ಅಜೀಜಾಬಿ.

ಕಿತ್ತ ಒಡ್ಡುಗಳಲ್ಲಿ ಮೊದಲು ಮತ್ತೆ ಎದ್ದದ್ದು ಅವರದೇ. ಆಮೇಲಿನ ಕಥೆ ಬೇಗ ಮುಗಿಯಿತು. ಯಾರು ಎಷ್ಟು ದುಡಿಯುತ್ತಾರೆಂದು ನೋಡಲು ಮೇಲ್ವಿಚಾರಕರು ನೇಮಕವಾದರು. ನೋಡುವ ಕೆಲಸ ಸಿಕ್ಕವರು ದುಡಿಯುವ ಕೆಲಸ ಬಿಟ್ಟರು. ಬೇವಿನ ನೆರಳು ಕಮಿಟಿಗೆ, ಬಿಸಿಲು ಉಳಿದವರಿಗೆ ಎಂದಾಯಿತು. ಒಂದೊಂದಾಗಿ ಒಡ್ಡುಗಳು ಎದ್ದು, ಮೂರನೆಯ ಬಿತ್ತನೆಯ ಹೊತ್ತಿಗೆ ಹೊಲ ಮೊದಲಿನ ತುಂಡುಗಳಾಗಿಯೇ ನಿಂತಿತು. ಕೊನೆಯ ಒಡ್ಡು ಅಧ್ಯಕ್ಷ ಚಂದ್ರಾಮ ಅವರದು. ಅದನ್ನು ಹಾಕುವಾಗ ಅವರು ಅತ್ತರೆಂದು ಹೇಳುತ್ತಾರೆ. ಮೇಡಂ ಅವರಿಗೆ ಅಳು ಬರಲಿಲ್ಲ, ನಾಚಿಕೆ ಬಂತು. ಅಜೀಜಾಬಿಯವರ ಮನೆಗೆ ಎರಡು ಸಲ ಹೋದರು. ಅಜೀಜಾಬಿ ಚಹಾ ಕೊಟ್ಟರು, ಮಳೆ ಬೆಳೆ ಮಾತಾಡಿದರು. ಭಜ್ಜಿಯ ಮಾತು ಬಂದಾಗ ಮಾತ್ರ ಎದ್ದು ಒಲೆಯ ಕಡೆ ಹೋದರು. ಆ ಹೆಣ್ಣುಮಗಳು ಮತ್ತೆ ಎಲ್ಲರ ಜೊತೆ ಒಂದೇ ಪಾತೇಲಿಯ ಸುತ್ತ ಕೂರಬೇಕು, ಆಗ ಮಾತ್ರ ತಾನು ಆ ಹೊಲಕ್ಕೆ ಮತ್ತೆ ಕಾಲಿಡಬಹುದು ಎಂದು ಮೇಡಂ ಅವರು ಮನಸ್ಸಿನಲ್ಲೇ ಕಟ್ಟು ಹಾಕಿಕೊಂಡರು. ಮುಂದಿನ ಅವರ ಇಡೀ ಸೇವಾವಧಿಯ ಬೆನ್ನಿಗೆ ಈ ಆಸೆ ಕಟ್ಟಿಕೊಂಡೇ ಇತ್ತು.

ಆಳಂದದಿಂದ ಅವರಿಗೆ ಅಫಜಲಪುರಕ್ಕೆ ವರ್ಗವಾಯಿತು. ಭೀಮಾ ತೀರದ ಆ ಊರಿನಲ್ಲಿ ಅವರು ಬಹಳ ವರ್ಷ ಪಾಠ ಹೇಳಿದರು. ಅಲ್ಲಿಯೇ ಅವರ ಪಾಠಕ್ಕೆ ಅದರದೇ ಆದ ಒಂದು ರೀತಿ ಬಂತು. ತರಗತಿಯಲ್ಲಿ ಸೊಹೇಲ ಎಂಬ ಚುರುಕಿನ ವಿದ್ಯಾರ್ಥಿ ಒಮ್ಮೆ ಎದ್ದು ನಿಂತು, “ಮೇಡಂ, ಕಮ್ಯುನಿಸಂ ಚಲೋ ಅದೋ ಕೆಟ್ಟ ಅದೋ, ಒಂದೇ ಮಾತಿನಾಗ ಹೇಳಿಬಿಡ್ರಿ, ಪರೀಕ್ಷಾದಾಗ ಬರೀಬೇಕು” ಎಂದ. ಮೇಡಂ ಅವರು ನಕ್ಕು, “ತತ್ವ ಬೇಕಂದ್ರ ಪುಸ್ತಕದಾಗ ಅದ, ಬರಕೋ. ಆಚರಣೆ ಬೇಕಂದ್ರ ನಿಂಬರ್ಗಾದಾಗ ಅದ, ಕೇಳು” ಎಂದು ಹೊಲ, ಒಡ್ಡು, ಬದನೆಕಾಯಿ ಎಲ್ಲವನ್ನೂ ಹೇಳಿದರು. ನಿಯಮ ಮಾಡಿದವರು ಯಾರೆಂಬುದನ್ನೂ ಮುಚ್ಚಿಡಲಿಲ್ಲ. ಅಂದಿನಿಂದ ಪ್ರತಿ ವರ್ಷ ಆ ಅಧ್ಯಾಯಕ್ಕೆ ಮೂರು ತರಗತಿ: ಒಂದು ತತ್ವಕ್ಕೆ, ಒಂದು ದೂರದ ದೇಶಗಳಲ್ಲಿ ಆ ತತ್ವದ ಹೆಸರಿನಲ್ಲಿ ನಡೆದ ಒಳಿತು ಕೆಡುಕುಗಳಿಗೆ, ಇನ್ನೊಂದು ನಿಂಬರ್ಗಾಕ್ಕೆ.

ಈ ಮೂರನೆಯ ತರಗತಿಯ ಸುದ್ದಿ ಪಕ್ಷದ ಕಚೇರಿಗೂ ಮುಟ್ಟಿತು. ಜಿಲ್ಲಾ ಮುಖಂಡರು ಅವರನ್ನು ಕರೆಸಿಕೊಂಡು, ಮನೆಯ ಮಾತು ಬೀದಿಗೆ ಹಾಕಿದರೆ ವೈರಿಗಳ ಕೈಗೆ ಕೋಲು ಕೊಟ್ಟಂತಾಗುತ್ತದೆ ಎಂದು ತಿಳಿಹೇಳಿದರು. ಮೇಡಂ ಅವರು ಕೇಳಿದ್ದು ಇಷ್ಟೇ: “ಅಜೀಜಾಬಿ ನಮ್ಮ ವೈರಿ ಏನ್ರಿ?” ಮುಖಂಡರು ಚಹಾ ತರಿಸಿ ಮಾತು ಬದಲಿಸಿದರು. ಅಲ್ಲಿಂದ ಮುಂದೆ ಪಕ್ಷದ ವೇದಿಕೆಗಳಿಗೆ ಮೇಡಂ ಅವರಿಗೆ ಕರೆ ಬರುವುದು ನಿಂತಿತು. ಕೆಲ ದಿನಗಳಲ್ಲೇ ವರ್ತಕರ ಸಂಘವೊಂದು, ಕಮ್ಯುನಿಸಂ ಯಾಕೆ ಸೋತಿತು ಎಂಬ ವಿಷಯದ ಮೇಲೆ ಮಾತಾಡಲು ಅವರನ್ನು ಹೂವಿನ ಹಾರದೊಂದಿಗೆ ಕರೆಯಿತು. ಮೇಡಂ ಅವರು ಹೋದರು. ಅದೇ ಬದನೆಕಾಯಿಯ ಕಥೆ ಹೇಳಿದರು. ವರ್ತಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ, “ನಮ್ಮ ಸಂಘ ಸೋತಿದ್ದು ಖರೆ. ಆದ್ರ ಅದು ಸೋತ ಮಾತ್ರಕ್ಕ ನಿಮ್ಮ ದಾಲ್ ಮಿಲ್ಲಿನಾಗ ಹೆಣ್ಮಕ್ಕಳಿಗೆ ಕೊಡೋ ಕೂಲಿ ನ್ಯಾಯ ಆಗಂಗಿಲ್ರಿ” ಎಂದು ಕೈಮುಗಿದು ಕುಳಿತರು. ವರ್ತಕರೂ ಮತ್ತೆ ಕರೆಯಲಿಲ್ಲ. ಎರಡೂ ಮನೆಯ ಬೀಗರು ಮುನಿಸಿಕೊಂಡ ಮೇಲೆ ಮದುವೆಯ ಓಡಾಟ ತಪ್ಪಿತು ಎನ್ನುವಂತೆ, ಮೇಡಂ ಅವರಿಗೆ ಪಾಠ ಹೇಳಲು ಬಹಳ ಸಮಯ ಸಿಕ್ಕಿತು.

ಜೇವರ್ಗಿ ಅವರ ಕೊನೆಯ ಠಾಣೆ. ಸುತ್ತಿನ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೆ ಬರುವ ಮಕ್ಕಳಲ್ಲಿ ಕೆಲವರು ಬುತ್ತಿ ತರುತ್ತಿರಲಿಲ್ಲ. ಮಧ್ಯಾಹ್ನ ನೀರು ಕುಡಿದು, ಊಟ ಮಾಡಿ ಬಂದವರಂತೆ ಬಾಯಿ ಒರೆಸಿಕೊಳ್ಳುತ್ತಿದ್ದರು. ಆ ಬಾಯಿ ಒರೆಸುವ ರೀತಿಯನ್ನು ಮೇಡಂ ಅವರು ಬಲ್ಲರು. ಹೆಣ್ಣುಮಕ್ಕಳ ಕೋಣೆಯ ಮೂಲೆಯಲ್ಲಿ ಒಂದು ಬಿದಿರಿನ ಬುಟ್ಟಿ ಇಟ್ಟು, ಮೇಲೊಂದು ಬಿಳಿ ಬಟ್ಟೆ ಹೊದಿಸಿದರು. ಹುಡುಗರ ಕೋಣೆಯಲ್ಲೂ ಅಂಥದೇ ಒಂದನ್ನು ಇಟ್ಟರು. ರೊಟ್ಟಿ ಇದ್ದವರು ಬಟ್ಟೆಯ ಕೆಳಗೆ ಕೈಹಾಕಿ ಇಡಬಹುದು, ಇಲ್ಲದವರು ಹಾಗೆಯೇ ಕೈಹಾಕಿ ತೆಗೆಯಬಹುದು. ಬಟ್ಟೆಯ ಕೆಳಗೆ ಹೋದ ಕೈ ಇಟ್ಟಿತೋ ತೆಗೆಯಿತೋ ಯಾರಿಗೂ ಕಾಣದು. ಪಂಚಶೀಲಾ ಎಂಬ ಹಳೆಯ ವಿದ್ಯಾರ್ಥಿನಿ ಈಗ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ಪದವಿಯ ಮೊದಲ ವರ್ಷವಿಡೀ ತಾನು ತೆಗೆದದ್ದೇ ಹೊರತು ಇಟ್ಟದ್ದಿಲ್ಲ ಎಂದು ಈಚೆಗೆ ಕಾಲೇಜಿನ ಸಭೆಯಲ್ಲಿ ತಾನಾಗಿಯೇ ನಗುನಗುತ್ತ ಹೇಳಿದಳು. ಅಲ್ಲಿಯವರೆಗೆ ಅದು ಮೇಡಂ ಅವರಿಗೂ ಗೊತ್ತಿರಲಿಲ್ಲ.

ಬುಟ್ಟಿಯನ್ನು ದೇವರು ಮಾಡುವುದು ಬೇಡ. ಬೇಕಿಲ್ಲದವರೂ ಕೈಹಾಕಿದ್ದುಂಟು. ಪರೀಕ್ಷೆಯ ದಿನಗಳಲ್ಲಿ ಬುಟ್ಟಿ ಬರಿದಾಗಿ, ಮೇಡಂ ಅವರೇ ತಮ್ಮ ಮನೆಯ ರೊಟ್ಟಿ ತುಂಬಿದ್ದುಂಟು. ಕಿರಿಯ ಸಹೋದ್ಯೋಗಿ ಅಬ್ರಾರ ಅವರು, ಒಂದು ಕ್ಯಾಮೆರಾ ಹಾಕಿಸಿದರೆ ಕಳ್ಳರು ಸಿಗುತ್ತಾರೆ ಎಂದು ಸಲಹೆ ಕೊಟ್ಟರು.

“ಅಬ್ರಾರಸಾಬ, ರೊಟ್ಟಿ ಕಳ್ಳರು ಸಿಗ್ತಾರ ಖರೆ,” ಎಂದರು ಮೇಡಂ. “ಆದ್ರ ಹಸಿದವರು ನಾಳಿಂದ ಬರಂಗಿಲ್ಲ. ಒಮ್ಮೆ ನೋಡೇನಿ ನಾ.”

ಹಾಗಾದರೆ ಇದೇ ನಿಜವಾದ ಕಮ್ಯುನಿಸಂ ಅಲ್ಲವೇ ಎಂದು ಅಬ್ರಾರ ಅವರು ಹುರುಪಿನಿಂದ ಕೇಳಿದಾಗಲೂ ಮೇಡಂ ಅವರು ಹೂಂಗುಟ್ಟಲಿಲ್ಲ. ಒಂದು ಬುಟ್ಟಿಗೆ ಒಗ್ಗಿದ್ದು ಒಂದು ದೇಶಕ್ಕೆ ಒಗ್ಗುತ್ತದೆ ಎಂದು ಹೇಳುವ ಧೈರ್ಯ ತನಗಿಲ್ಲ ಎಂದರು. ಬುಟ್ಟಿಗೆ ಬಟ್ಟೆ ಹೊದಿಸುವವರ ಕೈಗೆ ಅಧಿಕಾರ ಬಂದರೆ ಅವರು ಬಟ್ಟೆಯನ್ನೇ ಮೊದಲು ಎತ್ತುತ್ತಾರೆ, ನಿಂಬರ್ಗಾದಲ್ಲಿ ತಾನೂ ಎತ್ತಿದವಳೇ ಎಂದರು. ಆದರೆ ತಂದೆಯ ಮಾತು ಸುಳ್ಳೆಂದು ಅವರು ಅಂದೂ ಹೇಳಲಿಲ್ಲ.

ಈ ವರ್ಷದ ಎಳ್ಳಮಾಸಿಗೆ ಮುಂಚೆ ನಿಂಬರ್ಗಾದಿಂದ ಚಂದ್ರಾಮ ಅವರ ಫೋನು ಬಂತು. “ನೌಕರಿ ಮುಗಿಯಾಕತ್ತದಂತಲ್ರಿ ಮೇಡಂ. ಈ ಸಲ ಹೊಲಕ್ಕ ಬರಲೇಬೇಕು ನೀವು. ನಾವೆಲ್ಲ ಮತ್ತ ಕೂಡಿ ಭಜ್ಜಿ ಮಾಡಾಕತ್ತೇವಿ, ಎರಡು ವರ್ಷ ಆಯ್ತು.”

ಮೇಡಂ ಅವರು ಮೊದಲು ಕೇಳಿದ್ದು, “ಅಜೀಜಾಬಿ ಖಾಲಾ ಬರ್ತಾರೇನು?”

“ನೀವೇ ಬಂದು ನೋಡ್ರಿ,” ಎಂದು ಚಂದ್ರಾಮ ಅವರು ಫೋನು ಇಟ್ಟುಬಿಟ್ಟರು.

ಮೇಡಂ ಅವರು ಜೇವರ್ಗಿಯ ಸಂತೆಯಲ್ಲಿ ಬದನೆಕಾಯಿಯೊಂದನ್ನು ಬಿಟ್ಟು ಸಿಕ್ಕ ತರಕಾರಿಯನ್ನೆಲ್ಲ ಕೊಂಡು, ಒಂದು ದೊಡ್ಡ ಚೀಲ ತುಂಬಿಕೊಂಡು ಹೊರಟರು. ಕಲಬುರಗಿಯಲ್ಲಿ ಬಸ್ಸು ಬದಲಿಸಿದರು. ಆಳಂದದಲ್ಲಿ ಇಳಿಯುವಾಗ, ತಮ್ಮ ಮೊದಲ ನೌಕರಿಯ ಊರನ್ನು ನೋಡುವ ಗಡಿಬಿಡಿಯಲ್ಲಿ, ಚೀಲ ಬಸ್ಸಿನಲ್ಲೇ ಉಳಿದು ಉಮರ್ಗಾದ ದಾರಿ ಹಿಡಿಯಿತು. ಅದು ನೆನಪಾದದ್ದು ನಿಂಬರ್ಗಾದ ಬಸ್ಸು ಹತ್ತಿ ಕೂತ ಮೇಲೆ. ವಾಪಸು ಹೋಗೋಣವೆಂದುಕೊಂಡರು. ಹೋಗಲು ಮನಸ್ಸಾಗಲಿಲ್ಲ.

ಹೊಲ ಮುಟ್ಟಿದಾಗ ಬೇವಿನ ಮರದ ಕೆಳಗೆ ಹೊಗೆ ಏಳುತ್ತಿತ್ತು. ದೊಡ್ಡ ಪಾತೇಲಿಯ ಪಕ್ಕದಲ್ಲಿ, ತಲೆ ಪೂರ್ತಿ ಬೆಳ್ಳಗಾದ ಅಜೀಜಾಬಿ ಸೌಟು ಹಿಡಿದು ಕೂತಿದ್ದರು. ಇಷ್ಟು ವರ್ಷ ಕಾದ ನೋಟ ಕಣ್ಣ ಮುಂದೆಯೇ ಇತ್ತು. ಆದರೆ ಬರಿಗೈಯಲ್ಲಿ ಆ ಪಾತೇಲಿಯ ಹತ್ತಿರ ಹೋಗುವುದು ಮೇಡಂ ಅವರಿಂದ ಆಗಲಿಲ್ಲ. ಒಡ್ಡಿನ ಮೇಲೆಯೇ ನಿಂತರು. ಚಂದ್ರಾಮ ಅವರು ಎದ್ದು ಕರೆದರು. “ಇಲ್ರಿ, ನೀವು ಉಣ್ರಿ. ನಿಮ್ಮನ್ನೆಲ್ಲ ನೋಡಿ ಹೋಗ್ತೇನಿ. ನನ್ನದು ಆಳಂದದಾಗ ಊಟ ಆಗ್ಯಾದ,” ಎಂದರು ಮೇಡಂ.

ಅಜೀಜಾಬಿ ಸೌಟು ನಿಲ್ಲಿಸಿ ತಲೆಯೆತ್ತಿ ನೋಡಿದರು. ಆ ಮಾತು ಅವರದೇ. ಎಂದೂ ‘ಮೇಡಂ’ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅಂದು ಮೊದಲ ಸಲ ಏಕವಚನಕ್ಕೆ ಇಳಿದರು.

“ಊಟ ಆಗಿಲ್ಲ ಬೇಟಿ ನಿಂದು. ನಾನೂ ಹಿಂಗೇ ಸುಳ್ಳು ಹೇಳಿದ್ದೆ ಒಮ್ಮೆ. ಏನ್ ತಂದಿ ಅಂತ ಇಲ್ಲಿ ಯಾರರ ಕೇಳ್ಯಾರೇನು? ಕೈ ಖಾಲಿ ಅದಾವಲ್ಲ? ಬಾ ಹಂಗಾರ, ಇದನ್ನ ತಿರುವು. ನನ್ನ ರಟ್ಟಿ ನೋಯಾಕತ್ತಾವ.”

ಮೇಡಂ ಅವರು ಒಡ್ಡಿನಿಂದ ಇಳಿದು ಬಂದು ಸೌಟು ಹಿಡಿದರು. ಕಣ್ಣಲ್ಲಿ ನೀರು ಬಂತು. ಅದನ್ನು ಹೊಗೆಯ ಮೇಲೆ ಹಾಕಲಿಲ್ಲ. ಪಾತೇಲಿಯಲ್ಲಿ ಒಬ್ಬೊಬ್ಬರ ಮನೆಯದು ಒಂದೊಂದು ಇತ್ತು. ಚಂದ್ರಾಮ ಅವರು ಬೇಕೆಂದೇ ತಂದ ಒಂದೇ ಒಂದು ಬದನೆಕಾಯಿಯೂ ಇತ್ತು. ಅಜೀಜಾಬಿ ಸೆರಗಿನ ಗಂಟು ಬಿಚ್ಚಿ ಹುಣಸೆಹಣ್ಣು ಕಿವುಚಿದರು. ಎಲ್ಲರೂ ಕೂಡಿ ಉಂಡರು. ಮರುದಿನ ಒಡ್ಡುಗಳು ಒಡ್ಡುಗಳಾಗಿಯೇ ಇದ್ದವು, ಎಲ್ಲರೂ ತಂತಮ್ಮ ತುಂಡಿನಲ್ಲೇ ಕಳೆ ತೆಗೆದರು. ಇದನ್ನೂ ಬರೆಯಬೇಕೆಂಬುದು ಮೇಡಂ ಅವರದೇ ಅಪ್ಪಣೆ.

ಇಂಥ ನೇರ ನಡೆಯ ಹಿರಿಯರಿಗೆ ಶಾಲು, ಹಾರ, ಫಲತಾಂಬೂಲಗಳನ್ನು ಅರ್ಪಿಸಿ ಕೃತಾರ್ಥರಾದೆವೆಂದು ನಾವು ತಿಳಿದುಕೊಳ್ಳಬಾರದು. ಅವರಿಂದ ಕೇಳಬೇಕಾದ ಪಾಠ ಇನ್ನೂ ಉಳಿದಿದೆ. ಸರಸಂಬಾದ ಹಮಾಲರ ಮಗಳು ಮೆಹರಾಜಬೇಗಂ ಅವರಿಗೆ ಗಟ್ಟಿ ಆರೋಗ್ಯವೂ ದೀರ್ಘ ಆಯುಷ್ಯವೂ ದೊರೆಯಲಿ. ಬರುವ ಎಳ್ಳಮಾಸಿಗಳಿಗೆಲ್ಲ ಅವರು ನಿಂಬರ್ಗಾದ ಬಸ್ಸು ಹತ್ತಲಿ, ಬರಿಗೈಯಲ್ಲೇ ಹತ್ತಲಿ.